ತುಂಗಭದ್ರಾ ತೀರದ ಹಳೆಯ ಪಿಸ್ತೂಲುಗಳು: ಕಿಡಿಯ ಯಂತ್ರ ಮತ್ತು ಕಾಲನಿರ್ಣಯ

ಬೆಳ್ಳಿಯ ಕೆತ್ತನೆಯುಳ್ಳ, ಬಾಯಿಯ ಕಡೆಯಿಂದ ಮದ್ದು ತುಂಬುವ ಪಿಸ್ತೂಲೊಂದು ಹೊಸಪೇಟೆ ಹಂಪೆಗಳ ಪರಿಸರದಲ್ಲಿ ಕಣ್ಣಿಗೆ ಬಿದ್ದರೆ, ಅದನ್ನು ವಿಜಯನಗರದ ಕಾಲದ್ದೆಂದು ಹೇಳಿಬಿಡುವ ಮನಸ್ಸಾಗುವುದು ಸಹಜ. ಆದರೆ ಇಂತಹ ಆಯುಧದ ಕಾಲವನ್ನು ತಿಳಿಸತಕ್ಕದ್ದು ಅದರ ಅಲಂಕಾರವಲ್ಲ, ಮದ್ದಿಗೆ ಕಿಡಿ ತಗುಲಿಸುವ ಯಂತ್ರ.

ಕಂಪಿಲರಾಯನ ರಾಜ್ಯವು 1327ರ ಸುಮಾರಿನಲ್ಲಿ ಅಳಿಯಿತು. ಆ ಯುದ್ಧಗಳಲ್ಲಿ ಕೈಕೋವಿಯ ಮಾತೇ ಇಲ್ಲ. ಎರಡು ಶತಮಾನಗಳ ತರುವಾಯ ಚಿತ್ರ ಬೇರೆಯಾಗಿದೆ. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನು ಸುಮಾರು 20 ಮಂದಿ ಕೋವಿಕಾರರೊಡನೆ ಕೃಷ್ಣದೇವರಾಯನಿಗೆ ನೆರವಾದುದನ್ನು ನೂನಿಜ್ ಬರೆದಿದ್ದಾನೆ. ರಾಜಧಾನಿಯಲ್ಲಿ ನಡೆದ ಸೈನ್ಯದ ಮೆರವಣಿಗೆಯಲ್ಲಿ ಕೋವಿ ಬಲ್ಲ ಯೋಧರನ್ನು ಕಂಡು ಪಾಯೆಸ್ ಬೆರಗಾಗಿದ್ದಾನೆ. ಇವರ ಕೈಯಲ್ಲಿದ್ದುದು ಬತ್ತಿಕೋವಿ. ಪೆಟ್ಲುಪ್ಪಿನಲ್ಲಿ ನೆನೆಸಿ ಒಣಗಿಸಿದ ಬತ್ತಿಯನ್ನು ಹೊತ್ತಿಸಿ ಬಾಗಿದ ಕಬ್ಬಿಣದ ತೋಳಿಗೆ ಸಿಕ್ಕಿಸಿರುತ್ತಿದ್ದರು. ಕೆಳಗಿನ ಕುದುರೆಯನ್ನು ಎಳೆದಾಗ ಆ ತೋಳು ಬಾಗಿ, ಬಟ್ಟಲಿನಲ್ಲಿದ್ದ ರಂಜಕದ ಮದ್ದಿಗೆ ಬೆಂಕಿ ಮುಟ್ಟುತ್ತಿತ್ತು. ಆ ಉರಿಯು ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಸೇರುತ್ತಿತ್ತು. ಉರಿಯುವ ಬತ್ತಿಯನ್ನು ನಡುಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಕುದುರೆಯೇರುವುದು ಯಾರಿಂದಲೂ ಆಗದ ಕೆಲಸ. (ಕೋವಿಯ ಎಳೆಗೊಕ್ಕೆಗೆ ಕನ್ನಡಿಗರು 'ಕುದುರೆ'ಯೆಂದೇ ಹೆಸರಿಟ್ಟಿರುವುದು ಸ್ವಾರಸ್ಯಕರ.) ಆದುದರಿಂದ ಪಿಸ್ತೂಲಿಗೆ ತಾನೇ ಕಿಡಿ ಹುಟ್ಟಿಸುವ ಯಂತ್ರ ಬೇಕಾಯಿತು.

ಯುರೋಪಿನಲ್ಲಿ 16ನೆಯ ಶತಮಾನದ ಮೊದಲ ಭಾಗದಲ್ಲಿಯೇ ಚಕ್ರಯಂತ್ರವು ಈ ಕೊರತೆಯನ್ನು ನೀಗಿತ್ತು. ಬಿಗಿದ ಸ್ಪ್ರಿಂಗು ಬಿಚ್ಚಿಕೊಂಡಾಗ ಹಲ್ಲುಗಳುಳ್ಳ ಚಕ್ರವು ತಿರುಗಿ, ಗಂಧಕಯುಕ್ತ ಕಬ್ಬಿಣದ ಅದಿರಿನ ತುಂಡನ್ನು ಉಜ್ಜಿ ಕಿಡಿ ಎಬ್ಬಿಸುತ್ತಿತ್ತು. ಗಡಿಯಾರದಷ್ಟು ಸೂಕ್ಷ್ಮವೂ ದುಬಾರಿಯೂ ಆದ ಈ ಯಂತ್ರ ಭಾರತದಲ್ಲಿ ಬೇರೂರಲಿಲ್ಲ. ಮುಂದೆ ಫ್ರಾನ್ಸಿನಲ್ಲಿ 1610ರ ಸುಮಾರಿಗೆ ಚಕಮಕಿ ಯಂತ್ರವು ಪರಿಪೂರ್ಣ ರೂಪ ತಾಳಿತು. ಇದರಲ್ಲಿ ಬಟ್ಟಲಿನ ಮುಚ್ಚಳವೂ ಕಲ್ಲು ಬಡಿಯುವ ಉಕ್ಕಿನ ಫಲಕವೂ ಒಂದೇ ತುಂಡು: ಕಲ್ಲು ಬಡಿದೊಡನೆ ಮುಚ್ಚಳ ತೆರೆದು ಕಿಡಿಗಳು ರಂಜಕದ ಮೇಲೆ ಉದುರುತ್ತವೆ. ಅರ್ಧ ಎಳೆದು ಭದ್ರವಾಗಿ ನಿಲ್ಲಿಸುವ ವ್ಯವಸ್ಥೆಯೂ ಉಂಟು. ಹಂಪೆಯ ರಾಜಧಾನಿಯಾದರೋ 1565ರಲ್ಲಿಯೇ ಹಾಳಾಗಿತ್ತು. ಈ ಬಗೆಯ ಯಂತ್ರವುಳ್ಳ ಪಿಸ್ತೂಲನ್ನು ರಾಮರಾಯನ ಕಾಲಕ್ಕೆ ಸೇರಿಸುವುದು ಸರ್ವಥಾ ಸಲ್ಲದು.

ಹಾಗಾದರೆ ಇಂತಹ ಆಯುಧವನ್ನು ಎಲ್ಲಿ ಇಡಬೇಕು? ನನ್ನ ಅಭಿಪ್ರಾಯದಲ್ಲಿ ಸಂಡೂರಿನ ಇತಿಹಾಸವನ್ನು ಮೊದಲು ನೋಡಬೇಕು. ಘೋರ್ಪಡೆಯವರ ಅಧೀನದಲ್ಲಿದ್ದ ಆ ಕಣಿವೆಯು 1776ರಲ್ಲಿ ಗುತ್ತಿಯೊಡನೆ ಹೈದರಲಿಯ ವಶವಾಯಿತು. ಕೃಷ್ಣಾನಗರದ ಕೋಟೆಯನ್ನು ಹೈದರನು ಆರಂಭಿಸಿದನು; ಟೀಪು ಅದನ್ನು ಮುಗಿಸಿ ಕಾವಲು ಪಡೆಯನ್ನಿರಿಸಿದನು. 1785ರ ಸುಮಾರಿಗೆ ಶಿವರಾವ್ ಘೋರ್ಪಡೆ ಅದನ್ನು ಹೊರದೂಡಲು ಹೋರಾಡಿ ಮಡಿದನು. 1790ರಲ್ಲಿ ಅದು ತೆರವಾಯಿತು. ಮೈಸೂರಿನ ಚಕಮಕಿ ಆಯುಧಗಳು ಈ ಸೀಮೆಯನ್ನು ಹೊಕ್ಕಿದ್ದರೆ ಈ 14 ವರ್ಷಗಳೇ ಅದಕ್ಕೆ ತಕ್ಕ ಕಾಲ. ಸಾಮಾನ್ಯ ಸಿಪಾಯಿಗೆ ಉದ್ದ ಕೋವಿಯೇ ಗತಿ. ಅಲಂಕೃತ ಪಿಸ್ತೂಲು ಅರಸನಿಗೂ ಅಧಿಕಾರಿಗೂ ಸೇರಿದ್ದು.

ಶ್ರೀರಂಗಪಟ್ಟಣದ ಕಾರ್ಖಾನೆಯ ಪಿಸ್ತೂಲುಗಳನ್ನು ಗುರುತಿಸುವುದು ಕಷ್ಟವಲ್ಲ. ನಳಿಗೆಯ ಮೇಲೆ ಹುಲಿಪಟ್ಟೆಗಳ ವಿನ್ಯಾಸ, 'ಹೈದರ್' ಎಂಬ ಅಕ್ಷರಗಳನ್ನು ನಾಲ್ಕು ಮನೆಗಳಲ್ಲಿ ಹಂಚಿದ ಮುದ್ರೆ. ಕಲ್ಲನ್ನು ಹಿಡಿಯುವ ಭಾಗವೂ ಹುಲಿಯ ಆಕಾರದಲ್ಲಿರುವುದುಂಟು. ಕೆಲವು ಜೋಡಿಗಳಲ್ಲಿ ಒಂದರ ಯಂತ್ರ ಬಲಕ್ಕೂ ಇನ್ನೊಂದರದು ಎಡಕ್ಕೂ ಇದೆ. ಆದರೆ ವರ್ಷವನ್ನು ಓದುವಲ್ಲಿ ಎಚ್ಚರ ಬೇಕು. ಟೀಪು 1787ರಲ್ಲಿ ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 2221 ಎಂದು ಕಾಣುವುದು ವಾಸ್ತವವಾಗಿ 1222. ಎಂದರೆ ಸುಮಾರು 1794. ಅದನ್ನು ಹಿಜರಿ ಎಂದು ಭಾವಿಸಿದರೆ ಆಯುಧವು 1807ಕ್ಕೆ ಜಾರಿ, ಟೀಪು ಮಡಿದು ಎಂಟು ವರ್ಷಗಳಾದ ಮೇಲೆ ತಯಾರಾದಂತಾಗುತ್ತದೆ!

ಇನ್ನೊಂದು ತೊಡಕು ಕೇಪಿನಿಂದ ಬಂದದ್ದು. ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಬಳಸುವ ಹಕ್ಕನ್ನು ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ 1807ರಲ್ಲಿ ಪಡೆದನು. 1820ರ ಬಳಿಕ ತಾಮ್ರದ ಕೇಪು ಹಬ್ಬಿತು. ಹಳೆಯ ಚಕಮಕಿ ಪಿಸ್ತೂಲುಗಳ ಬಟ್ಟಲನ್ನು ಕಿತ್ತು, ಕೇಪು ಕೂರಿಸುವ ಮೊಲೆಯನ್ನೂ ಹೊಸ ಸುತ್ತಿಗೆಯನ್ನೂ ಜೋಡಿಸುವ ಪದ್ಧತಿ ಬೆಳೆಯಿತು. ಹೀಗೆ ಮಾರ್ಪಟ್ಟ ಆಯುಧದ ನಳಿಗೆ ಒಂದು ಶತಮಾನದ್ದು, ಯಂತ್ರ ಇನ್ನೊಂದರದು. ವಿದ್ಯಾರ್ಥಿಗಳು ಮೊದಲು ಬೆಳ್ಳಿಯ ಬಳ್ಳಿಗಳನ್ನು ಬಿಟ್ಟು ಯಂತ್ರದ ತಗಡನ್ನು ನೋಡಲಿ: ಅಲ್ಲಿ ಮುಚ್ಚಿದ ಹಳೆಯ ತಿರುಪಿನ ತೂತುಗಳಿದ್ದರೆ, ಒಮ್ಮೆ ಅಲ್ಲಿ ಚಕಮಕಿಯ ಫಲಕವೂ ಅದರ ಸ್ಪ್ರಿಂಗೂ ಇದ್ದುವೆಂದು ತಿಳಿಯಬಹುದು.