ಎರೆಸೀಮೆಯ ಗಡಿಗೆ

ದೇಶನೂರು ಇರುವ ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಓಡಾಡಿದವರಿಗೆ ಆ ಮಣ್ಣಿನ ಹಟ ಗೊತ್ತು. ಮಳೆಗೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದನ್ನು ಹಾಗೆಯೇ ತಿಗರಿಗೆ ಹಾಕಿದರೆ ಗಡಿಗೆ ಒಣಗುವಾಗಲೇ ಸೀಳುತ್ತದೆ. ಕೆರೆಯ ಹೂಳು, ಮರಳು, ಬೂದಿ ಬೆರೆಸಿ ತುಳಿದು ಹದ ಮಾಡಬೇಕು. ಸ್ಫೂರ್ತಿ ಎಂಬುದು ಎಲ್ಲಿಂದಲೋ ಇಳಿದು ಬರುತ್ತದೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮಣ್ಣಿನ ಕೆಲಸದಲ್ಲಿ ಅದು ಮೊದಲು ಕಾಲಿಗೆ ಹತ್ತಬೇಕು.

ಇದೇ ತಾಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1963-64ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಕೆ.ಸಿ. ಮಲ್ಹೋತ್ರಾ ಅವರೊಡನೆ ಬರೆದ ವರದಿ 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ ಅಲ್ಲಿ ದನ ಸಾಕಿಕೊಂಡು, ಕಲ್ಲಿನ ಕೊಡಲಿ ಹಿಡಿದು, ಬಂಡೆಗಳ ನಡುವೆ ದುಂಡನೆಯ ಗುಡಿಸಲು ಕಟ್ಟಿಕೊಂಡು ಬಾಳಿದ ಜನರಿದ್ದರು. ಅವರ ಪಾತ್ರೆಗಳು ಹೆಚ್ಚಾಗಿ ಬೂದು ಬಣ್ಣದವು, ಕೈಯಿಂದಲೇ ಮಾಡಿದವು. ಹಸಿ ಆರುವ ಹೊತ್ತಿಗೆ ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತಂದಿದ್ದಾರೆ. ಕೆಲವಕ್ಕೆ ಸುಟ್ಟ ಮೇಲೆ ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಬಳಿದಿದ್ದಾರೆ. ಸುಟ್ಟ ಮೇಲೆ ಬಳಿದ ಬಣ್ಣ ತೊಳೆದರೆ ಹೋಗುತ್ತದೆ, ನೀರು ಹಿಡಿಯಲು ಅದರಿಂದ ಏನೂ ಉಪಯೋಗವಿಲ್ಲ. ಆದರೂ ಬಳಿದರು. ಉಪಯೋಗದ ವಸ್ತು ಬೇರೆ, ಕಲೆ ಬೇರೆ ಎಂದು ವಿಂಗಡಿಸುವ ನಮ್ಮ ಪಂಡಿತರು ಈ ಪಟ್ಟಿಯನ್ನು ಯಾವ ಕಪಾಟಿನಲ್ಲಿ ಇಡುತ್ತಾರೋ!

ಹಸುಗೂಸು ತೀರಿಕೊಂಡರೆ ಗಡಿಗೆಯೊಳಗಿಟ್ಟು ಹೂಳುವುದು ಆ ಜನರ ರೂಢಿಯಾಗಿತ್ತು. ಅದಕ್ಕಾಗಿ ಬೇರೆ ಬಗೆಯ ಮಣ್ಣನ್ನೇನೂ ಹುಡುಕಲಿಲ್ಲ. ಧಾನ್ಯ ತುಂಬುವ, ನೀರು ತರುವ ಕೈಗಳೇ ತಟ್ಟಿದ ಗಡಿಗೆ ಅದು.

ಮುಂದೆ ಬೃಹತ್ ಶಿಲಾಸಮಾಧಿಗಳ ಕಾಲಕ್ಕೆ ಕಪ್ಪು-ಕೆಂಪು ಪಾತ್ರೆಗಳು ಬಂದವು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿಯಾಡದ ಒಳಮೈ, ಬಾಯಿ ಕಪ್ಪಾಗುತ್ತವೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಬಣ್ಣವನ್ನು ಕುಂಚದಿಂದ ಬಳಿಯದೆ ಬೆಂಕಿಯಿಂದಲೇ ಬರೆಸಿಕೊಂಡ ಜಾಣ್ಮೆ ಇದು. ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಮದ್ರಸದ ಗೋಡೆಗಳಲ್ಲಿ ಇಂದಿಗೂ ಉಳಿದಿರುವ ಗಾಜುಲೇಪದ ಬಿಲ್ಲೆಗಳನ್ನು ನೋಡುವಾಗಲೂ ನಮಗೆ ಬೆಂಕಿಯ ಮುಂದೆ ಕುಳಿತವರೇ ನೆನಪಾಗುತ್ತಾರೆ. ಕಟ್ಟಿಸಿದ ಮಹಮೂದ್ ಗವಾನನನ್ನು ಶಾಲೆಯ ಮಕ್ಕಳೂ ಬಲ್ಲರು. ಬಿಲ್ಲೆ ಸುಟ್ಟವರನ್ನು ಕೇಳುವವರಿಲ್ಲ.

ಬಳ್ಳಾರಿ ಸೀಮೆಯ ಈ ಪ್ರಾಚೀನ ನೆಲೆಗಳತ್ತ ವಿದ್ವಾಂಸರ ಕಣ್ಣು ತಿರುಗಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅವರು ಆರಿಸಿದ ಕಲ್ಲಿನ ಆಯುಧಗಳೂ ಮಡಕೆಯ ಚೂರುಗಳೂ ಮದರಾಸಿನ ಮ್ಯೂಸಿಯಂ ಸೇರಿದವು. ಇಂದು ಬಳ್ಳಾರಿಯಲ್ಲೂ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಅತ್ತ ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟದಲ್ಲಿ ಕಲ್ಲುಗಣಿಗಾರಿಕೆ ಮಾಡಿದ ಗಾಯಗಳೂ ಇವೆ. ಬಂಡೆ ಒಡೆದವರಿಗೆ ಬೇಕಾದದ್ದು ಕಲ್ಲು ಮಾತ್ರ. ಅದರ ಬುಡದ ಬೂದು ಬೋಕಿಗಳನ್ನು ಯಾರೂ ಎಣಿಸಿಡುವುದಿಲ್ಲ.