ಲೆಕ್ಕಕ್ಕೆ ಬರದ ಹಣ್ಣು: ಟಿನ್ ಫ್ಯಾಕ್ಟರಿಯಿಂದ ಹಿಪ್ಪುನೇರಳೆ ದಾರಿಯಲ್ಲಿ

ಟಿನ್ ಫ್ಯಾಕ್ಟರಿ ಸ್ಟಾಪ್ ಗೊತ್ತಲ್ವಾ? ಹೊಸಕೋಟೆ, ಕೋಲಾರ, ಚಿಂತಾಮಣಿ ಬಸ್ಸಿಗೆ ಕಾಯೋರು ಒಂದು ಕಡೆ, ಬೆನ್ನಿಗಾನಹಳ್ಳಿ ಮೆಟ್ರೋದಿಂದ ಇಳಿದು ಬರೋರು ಇನ್ನೊಂದು ಕಡೆ, ಮಧ್ಯೆ ತಳ್ಳುಗಾಡಿಗಳು. ಅಲ್ಲಿ ಒಂದು ಗಾಡಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಪ್ಪು ಹಣ್ಣು ಕಂಡೆ.

"ಏನಣ್ಣ ಇದು?"

"ಮಲ್ಬೆರಿ ಸಾರ್. ಎಂಬತ್ತು ರೂಪಾಯಿ."

ತಗೊಂಡೆ. ಮನೆಯಲ್ಲಿ ಅಮ್ಮ ಡಬ್ಬಿ ತೆಗೆದು ನೋಡಿ ನಕ್ಕುಬಿಟ್ಟರು. "ಹಿಪ್ಪುನೇರಳೆ ಹಣ್ಣಿಗೂ ದುಡ್ಡು ಕೊಟ್ಟು ಬಂದ್ಯೇನೋ?"

ಅಮ್ಮನ ತವರು ಚಿಂತಾಮಣಿ ಕಡೆ. ತಾತ ರೇಷ್ಮೆ ಸಾಕ್ತಿದ್ರು. ಆ ತೋಟದಲ್ಲಿ ಈ ಹಣ್ಣು ಮಕ್ಕಳ ಪಾಲು. ಯಾರೂ ಮಾರ್ತಿರಲಿಲ್ಲ, ಯಾರೂ ಎಣಿಸ್ತಿರಲಿಲ್ಲ. ನಾನು ಬಿ.ಕಾಂ ಓದಿದವನು. ಇಷ್ಟು ರುಚಿ ಇರೋ ಹಣ್ಣು ಲೆಕ್ಕದ ಪುಸ್ತಕಕ್ಕೆ ಯಾಕೆ ಬರಲಿಲ್ಲ ಅನ್ನೋದು ತಲೆಯಲ್ಲಿ ಕೂತುಬಿಡ್ತು. ಇವತ್ತಿನ ಎಪಿಸೋಡ್ ಅದೇ.

ಮೊದಲು ಬೆರಿ ಅಂದ್ರೆ ಏನು ಅಂತ ನೋಡೋಣ. ಸಸ್ಯಶಾಸ್ತ್ರದ ಪ್ರಕಾರ ಒಂದೇ ಹೂವಿನ ಒಂದೇ ಅಂಡಾಶಯದಿಂದ ಬೆಳೆದು, ತಿರುಳಿನ ಒಳಗೆ ಬೀಜ ಇಟ್ಟುಕೊಂಡ ಹಣ್ಣು ಬೆರಿ. ಅಂದರೆ ದ್ರಾಕ್ಷಿ ಬೆರಿ. ಟೊಮೆಟೊ ಬೆರಿ. ಬದನೆಕಾಯಿ ಕೂಡ ಬೆರಿ! ಕೋಲಾರದಿಂದ ಟಿನ್ ಫ್ಯಾಕ್ಟರಿ ದಾಟಿ ಬರೋ ಟೊಮೆಟೊ ಲಾರಿಯಲ್ಲಿ ತುಂಬಿರೋದು ಬೆರಿಗಳೇ. ಸ್ಟ್ರಾಬೆರಿ, ಮಲ್ಬೆರಿ ಎರಡೂ ಬರೀ ಹೆಸರಿಗೆ ಬೆರಿ. ಹಿಪ್ಪುನೇರಳೆಯಲ್ಲಿ ಒಂದು ಗೊಂಚಲಿನ ಪುಟ್ಟ ಪುಟ್ಟ ಹೂಗಳೆಲ್ಲ ಒಂದೊಂದು ಕಾಳಾಗಿ, ಅಂಟಿಕೊಂಡು ಒಂದೇ ಹಣ್ಣಿನ ಥರ ಕಾಣುತ್ತೆ.

ಈಗ ಇತಿಹಾಸಕ್ಕೆ ಬರೋಣ. 1786ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಒಂದು ಪತ್ರ ಬರೆದ. ರೇಷ್ಮೆ ಹುಳು ತರೋಕೆ ಬಂಗಾಳಕ್ಕೆ ಹೋದವರು ವಾಪಸ್ ಬರ್ತಿದ್ದಾರೆ. ಹುಳುವಿಗೆ ಸರಿಯಾದ ಜಾಗ ನೋಡು. ಮೊದಲೇ ನೆಡಿಸಿರೋ ಹಿಪ್ಪುನೇರಳೆಯ ಎಲೆ ಹಾಕು. ಎಷ್ಟು ಹುಳು ಬಂತು ಅಂತ ವರದಿ ಕಳಿಸು. ಇದು ಅದರ ಸಾರಾಂಶ. ಅಂದರೆ ಹುಳುಗಿಂತ ಮುಂಚೆ ಗಿಡ ಬಂದಿತ್ತು. ಹುಳುವಿಗೆ ಲೆಕ್ಕ, ಎಲೆಗೆ ಆಜ್ಞೆ. ಹಣ್ಣಿನ ಮಾತೇ ಇಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ಫಾರ್ಮ್ ಶುರು ಮಾಡಿದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಇವತ್ತಿಗೂ ಉಳಿದಿದೆ. ಅಲ್ಲೂ ಬೇಕಾಗಿದ್ದು ಎಲೆ. 1997ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ತಳಿ ಬಂತು. ಅದು ಹೆಸರು ಮಾಡಿದ್ದೂ ಎಲೆಯ ಇಳುವರಿಗೆ.

ಬೆಳೆಯೋದು ಹೇಗೆ? ಮೂರ್ನಾಲ್ಕು ಕಣ್ಣಿರೋ ಕಡ್ಡಿ ನೆಟ್ಟರೆ ಚಿಗುರುತ್ತೆ. ಆಮೇಲೆ ವರ್ಷಕ್ಕೆ ಹಲವು ಸಲ ಕಟಾವು. ಗಿಡ ಹಣ್ಣಿಗೆ ಹಾಕೋ ಶಕ್ತಿ ಎಲೆಗೆ ನಷ್ಟ. ಹಾಗಾಗಿ ಸಾಲಿನ ಗಿಡದಲ್ಲಿ ಸಿಗೋ ಹಣ್ಣು ಕಡಿಮೆ. ಬದುವಿನ ಮೇಲೆ ಮರವಾಗೋಕೆ ಬಿಟ್ಟ ಗಿಡದಲ್ಲಿ ಮಾತ್ರ ಕೊಂಬೆ ತುಂಬಾ. ಹಸಿರು, ಕೆಂಪು, ಆಮೇಲೆ ಕಪ್ಪು. ಕಿತ್ತ ಒಂದೆರಡು ದಿನಕ್ಕೇ ನೀರಾಗುತ್ತೆ, ಮಾರ್ಕೆಟ್‌ವರೆಗೆ ತಡೆಯಲ್ಲ. ಮರದಡಿ ನಿಂತು ತಿನ್ನಬೇಕು, ನಾಲಿಗೆ ನೇರಳೆ ಬಣ್ಣ ಆಗಬೇಕು.

ನನಗೆ ಇಷ್ಟವಾದ ಒಂದು ಮಾತಿದೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ರೈತರು 'ಜ್ವರ' ಅಂತಾರೆ. ನಾಲ್ಕೂ ಜ್ವರ ದಾಟಿ, ಸೊಪ್ಪು ತಿಂದು ಮುಗಿಸಿ, ಗೂಡು ಕಟ್ಟೋಕೆ ತಯಾರಾದ ಹುಳುವಿಗೆ 'ಹಣ್ಣು ಹುಳು' ಅಂತಾರೆ. ಆ ತೋಟದಲ್ಲಿ ದುಡ್ಡು ತರೋ ಹಣ್ಣು ಅಂದರೆ ಅದೊಂದೇ.

ಆ ದುಡ್ಡು ಕೂಡ ರೈತರ ಕೈಯಲ್ಲಿರಲಿಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30ರಿಂದ 5 ಪರ್ಸೆಂಟ್‌ಗೆ ಇಳೀತು. ಗೂಡಿನ ದರ ಕುಸಿದು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು. ಕ್ಲಾಸಲ್ಲಿ ಕಸ್ಟಮ್ಸ್ ಡ್ಯೂಟಿ ಅಂತ ಓದಿದಾಗ ನನಗೆ ಅದು ಬರೀ ಪರ್ಸೆಂಟ್ ಆಗಿತ್ತು.

ತಾತ ಕಡ್ಡಿ ಕೀಳಿಸಿದ್ದು ಆಸುಪಾಸಿನ ವರ್ಷಗಳಲ್ಲೇ. ದರ ಒಂದೇ ಕಾರಣ ಅಲ್ಲ. ಬೋರ್‌ವೆಲ್ ಬತ್ತಿತ್ತು, ಆಳು ಸಿಗ್ತಿರಲಿಲ್ಲ, ತಾತನಿಗೂ ವಯಸ್ಸಾಗಿತ್ತು. ಆದರೆ ಬದುವಿನ ಮೇಲಿದ್ದ ಒಂದು ಮರ ಕಡಿಯೋಕೆ ಅವರು ಬಿಡಲಿಲ್ಲವಂತೆ. "ಅದೇನು ಸೊಪ್ಪಿಗಾ? ಮಕ್ಕಳು ಬಂದರೆ ತಿಂತಾವೆ" ಅಂದರಂತೆ. ನಾನು ಆ ರಜೆಗೆ ಹೋಗಲೇ ಇಲ್ಲ, ಟ್ಯೂಷನ್ ಇತ್ತು. ಮುಂದಿನ ವರ್ಷ ಹೋಗೋ ಹೊತ್ತಿಗೆ ತಾತ ಇರಲಿಲ್ಲ. ಜಮೀನೂ ಬೇರೆಯವರದ್ದಾಗಿತ್ತು.

ಈ ಕಥೆಯನ್ನ ಅಮ್ಮ ಮೊದಲ ಸಲ ಹೇಳಿದ್ದು ಆ ಎಂಬತ್ತು ರೂಪಾಯಿ ಡಬ್ಬಿ ಮುಂದೆ ಕೂತಾಗ. ಅರ್ಧ ಡಬ್ಬಿ ಖಾಲಿ ಮಾಡಿ, "ಹುಳಿ ಕಣೋ. ನಮ್ಮದು ಸಿಹಿ ಇತ್ತು" ಅಂದರು.

ಹಣ್ಣಿಗೆ ಈಗ ಬೆಲೆ ಬಂದಿರೋದು ತಪ್ಪಲ್ಲ. ಬೆಳೆದವರಿಗೆ ನಾಲ್ಕು ಕಾಸು ಸಿಕ್ಕರೆ ಒಳ್ಳೇದೇ. ಆದರೆ ಬೆಲೆ ಇಲ್ಲದ ಕಾಲದಲ್ಲೂ ಯಾರೋ ಅದನ್ನ ಉಳಿಸಿದ್ದರು ಅನ್ನೋದು ನಮ್ಮ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ನಿಮ್ಮ ಮನೆಯ ಹಿರಿಯರನ್ನ ಇವತ್ತೇ ಕೇಳಿ: ಮಾರದೆ, ಮಕ್ಕಳಿಗೆ ಅಂತ ಬಿಟ್ಟಿದ್ದ ಹಣ್ಣು ಯಾವುದು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.