ಕೌದಿ ಗಂಟಿನ ಕಥೆ

ನಮ್ಮ ಸೇಡಂ, ಚಿಂಚೋಳಿ ಕಡೆ ಹಳೇ ಮನೆಗಳಲ್ಲಿ ಸಂದೂಕದ ಹಿಂದೆ ಒಂದು ದೊಡ್ಡ ಬಟ್ಟೆ ಗಂಟು ನೋಡಿರ್ತೀರಿ. ಕೌದಿಗೆ ಅಂತ ಎತ್ತಿಟ್ಟ ಹಳೇ ಸೀರೆ, ಧೋತರ. ಮುಟ್ಟಿದರೆ ಅಜ್ಜಿಗೆ ಸಿಟ್ಟು, ಬಿಟ್ಟರೆ ಸೊಸೆಗೆ ಸಿಟ್ಟು!

ಕೈಮಗ್ಗದ ಕಾಲದಲ್ಲಿ ಬಟ್ಟೆ ದುಬಾರಿ. ಸೀರೆ ಹರಿಯುವ ತನಕ ಉಟ್ಟು, ಆಮೇಲೆ ಪದರ ಪದರ ಜೋಡಿಸಿ ಹೊಲಿದುಬಿಡ್ತಿದ್ದರು. ಗಂಟು ಬೆಳೆಯೋಕೆ ಪುರುಸೊತ್ತೇ ಇರಲಿಲ್ಲ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ (ಆಳ್ವಿಕೆ 1869-1911) ಹೆಸರಿನ ಎಂಎಸ್‌ಕೆ ಮಿಲ್ ಕಲಬುರಗಿಗೆ ಬಂತು, ಮುಚ್ಚಿಯೂ ಹೋಯ್ತು. ಮಿಲ್ ಬಟ್ಟೆಯೂ ಹತ್ತಿಯೇ, ಕೌದಿಗೆ ಒಗ್ಗಿತು.

ಗಂಟು ಕೊಬ್ಬಿದ್ದು ಪಾಲಿಯೆಸ್ಟರ್ ಸೀರೆಯಿಂದ ಅಂತ ನನ್ನ ಅನಿಸಿಕೆ. ಬೇಗ ಹರಿಯಲ್ಲ, ಬೆವರು ಹೀರಲ್ಲ, ಸೂಜಿಗೆ ಜಾರುತ್ತೆ. ಆದರೆ ಮಗಳ ಮದುವೇಲಿ ಉಟ್ಟಿದ್ದು, ಬಿಸಾಡೋದು ಹೇಗೆ? ಕೆಲವನ್ನು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಒಯ್ದರು. (ನಾಲ್ಕು ಸೀರೆಗೆ ಒಂದು ಡಬ್ಬಿ ಅಂದ್ರೆ ಜಗಳ ಖಾತ್ರಿ!)

ತೀರಿಹೋದವರ ಧೋತರದ್ದು ಬೇರೆ ಸಂಕಟ. ಪಾತ್ರೆಗೆ ಕೊಡೋಕಾಗಲ್ಲ, ಕೌದಿಗೆ ಅಂತ ಕತ್ತರಿಸೋಕೂ ಕೈ ಬರಲ್ಲ. ಹಾಗೇ ಇಟ್ಟರೆ ಇಲಿ ಕಡಿಯುತ್ತೆ.

ಚಂದ್ರಂಪಳ್ಳಿ ಕಡೆ ಡಿಸೆಂಬರ್‌ನಲ್ಲಿ ಶಹಾಬಾದ್ ಕಲ್ಲಿನ ನೆಲ ಕಾಲಿಡಲಾಗದಷ್ಟು ತಣ್ಣಗಿರುತ್ತೆ. ಅಲ್ಲೀಗ ಅಂಗಡಿ ರಗ್ಗು ಹಾಸಿ ಮಲಗ್ತಾರೆ, ಪಕ್ಕದಲ್ಲೇ ಗಂಟು.